ಬಚ್ಚಲ ನೀರಿಗೂ ಲೈಸೆನ್ಸ್ ಬೇಕು

ಮಂಡ್ಯದಲ್ಲೋ ಮೈಸೂರಿನಲ್ಲೋ ಮನೆ ಕಟ್ಟಿದವರು ಯುಜಿಡಿ (ಒಳಚರಂಡಿ) ಕನೆಕ್ಷನ್‌ಗೆ ಅರ್ಜಿ ಹಾಕುತ್ತಾರೆ. ಖಾತೆ, ಕಂದಾಯದ ರಸೀದಿ, ರಸ್ತೆ ಅಗೆಯಲು ಶುಲ್ಕ ಅಂತ ಓಡಾಟ ತಪ್ಪಿದ್ದಲ್ಲ. ಆದರೂ ಮನೆ ಪೈಪು ಹೋಗಿ ಸೇರಲು ಅಲ್ಲಿ ನೆಲದಡಿ ಒಂದು ಕೊಳವೆಯಾದರೂ ಇದೆ. ಅದೇ ಮಂಡ್ಯ ಜಿಲ್ಲೆಯ ಸಂತೆಬಾಚಹಳ್ಳಿಯವರು ಯಾವುದಕ್ಕೆ ಅರ್ಜಿ ಹಾಕಬೇಕು? ಹೋಬಳಿ ಕೇಂದ್ರವಾದರೂ ಊರು ಗ್ರಾಮ ಪಂಚಾಯಿತಿಯದು. ರಾಜ್ಯದ ಒಳಚರಂಡಿ ಮಂಡಳಿ 1975ರಿಂದಲೂ ನೋಡಿಕೊಳ್ಳುತ್ತಿರುವುದು ನಗರ, ಪಟ್ಟಣಗಳನ್ನು. ಹಳ್ಳಿಯಲ್ಲಿ ಉಳಿದಿರುವ ದಾರಿ ರಸ್ತೆಬದಿಯ ಮೋರಿ. ಅದಕ್ಕೆ ಪೈಪು ತಿರುಗಿಸಲು ಯಾರೂ ಯಾರನ್ನೂ ಕೇಳುವುದಿಲ್ಲ.

2019ರಲ್ಲಿ ಶುರುವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿತು. ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಮುಕ್ಕಾಲು ಪಾಲು ಕೊಳಕಾಗಿ ಹೊರಗೆ ಬಂದೇ ಬರುತ್ತದೆ. ಒಳಗೆ ಬರುವ ನೀರಿಗೆ ಇದ್ದಷ್ಟು ಕಾಳಜಿ ಹೊರಗೆ ಹೋಗುವ ನೀರಿಗೆ ಇರಲಿಲ್ಲ.

ಹಳ್ಳಿಯ ಯಾವುದೇ ಮೋರಿಯ ಪಕ್ಕ ಬಗ್ಗಿ ನೋಡಿ. ಮನೆಗೆ ಹೋಗುವ ನಲ್ಲಿ ಪೈಪು ಎಷ್ಟೋ ಕಡೆ ಆ ಕೆಸರಿನಲ್ಲೇ ಮುಳುಗಿ ದಾಟಿರುತ್ತದೆ. ನೀರು ಬಿಡುವುದು ದಿನದಲ್ಲಿ ಸ್ವಲ್ಪ ಹೊತ್ತು. ನಿಲ್ಲಿಸಿದಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಜಾಯಿಂಟ್ ಸಡಿಲವಿದ್ದರೆ ಮೋರಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಾರನೆಯ ದಿನ ಮೊದಲು ಕೊಡಕ್ಕೆ ಬೀಳುವುದು ಅದೇ. ಸೆಪ್ಟಿಕ್ ಟ್ಯಾಂಕಿನ ಹೊರಪೈಪನ್ನೂ ಮೋರಿಗೇ ಬಿಟ್ಟಿರುವ ಬೀದಿಯಾದರೆ ಕೇಳುವುದೇ ಬೇಡ. ಆ ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣು ಸತ್ತಿರುವುದಿಲ್ಲ.

ಹಾಗಂತ ಹಳ್ಳಿಗೂ ಯುಜಿಡಿ ಬರಲಿ ಎಂದು ಕಾಯುವುದು ನನಗೆ ಒಪ್ಪಿಗೆಯಿಲ್ಲ. ಕೊಳವೆಯ ಕೊನೆಯಲ್ಲಿ ಶುದ್ಧೀಕರಣ ಘಟಕ ಬೇಕು, ಅದಕ್ಕೆ ಕರೆಂಟು ಬೇಕು, ನೋಡಿಕೊಳ್ಳುವ ಜನ ಬೇಕು. ಅವಿಲ್ಲದಿದ್ದರೆ ಇಡೀ ಊರಿನ ಕೊಳಕು ಒಟ್ಟಿಗೇ ಕೆರೆಗೆ ಇಳಿಯುತ್ತದೆ. ಅದರ ಬದಲು ಕೊಳಕು ನೀರನ್ನು ಮನೆಯ ಹತ್ತಿರವೇ ಇಂಗಿಸಬಹುದು. ಉದ್ಯೋಗ ಖಾತ್ರಿಯಲ್ಲಿ ರಾಜ್ಯದ ಹಳ್ಳಿಗಳಲ್ಲಿ ಬಚ್ಚಲು ಗುಂಡಿ ತೋಡಿಸಿದ ಅಭಿಯಾನವೇ ನಡೆದಿದೆ. ಸ್ನಾನದ, ಪಾತ್ರೆ ತೊಳೆದ ನೀರು ಹಿತ್ತಲಲ್ಲೇ ಇಂಗಲು ಅಷ್ಟು ಸಾಕು. ಕಕ್ಕಸಿಗೆ ಜೋಡಿ ಗುಂಡಿ ಮಾಡಿಸಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರೆ, ಒಂದೆರಡು ವರ್ಷದಲ್ಲಿ ಮೊದಲನೆಯದು ಗೊಬ್ಬರವಾಗಿರುತ್ತದೆ. ಹಸಿ ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವ ಪ್ರಸಂಗವೇ ಬರುವುದಿಲ್ಲ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ಮಲ ಹೊರಿಸುವುದನ್ನು ನಿಷೇಧಿಸಿದ ರಾಜ್ಯ ನಮ್ಮದು. ಗುಂಡಿ ತೋಡುವಾಗ ಇದು ನೆನಪಿರಬೇಕು.

ಮನೆ ಕಟ್ಟುವವರನ್ನು ಪಂಚಾಯಿತಿ ಇ-ಸ್ವತ್ತಿನ 9, 11ನೇ ನಮೂನೆ ಕೇಳುತ್ತದೆ. ನೀರು ಎಲ್ಲಿ ಇಂಗುತ್ತದೆ, ಬೋರ್‌ವೆಲ್ ಎಷ್ಟು ದೂರ ಎಂಬ ನಕ್ಷೆಯನ್ನೂ ಜೊತೆಗೆ ಕೇಳಲಿ. ಗುಂಡಿಗೆ ಚಪ್ಪಡಿ ಮುಚ್ಚುವ ಮೊದಲೇ ಪಿಡಿಒ ಕಡೆಯವರು ಬಂದು ನೋಡಲಿ. ಗೋಡೆಗೆ ಗೋಡೆ ಅಂಟಿಕೊಂಡ ಹಳೇ ಬೀದಿಗಳಲ್ಲಿ ಗುಂಡಿಗೆ ಜಾಗವೇ ಇಲ್ಲ. ಅಲ್ಲಿ ನಾಲ್ಕಾರು ಮನೆಗೆ ಸೇರಿ ಸಮುದಾಯ ಇಂಗುಗುಂಡಿಯನ್ನು ಪಂಚಾಯಿತಿಯೇ ತನ್ನ ಕ್ರಿಯಾಯೋಜನೆಯಲ್ಲಿ ಸೇರಿಸಿ ಮಾಡಿಕೊಡಬೇಕು, ಮುಂದಿನ ಕಾಂಕ್ರೀಟ್ ರಸ್ತೆಗೆ ದುಡ್ಡು ಎತ್ತಿಡುವ ಮೊದಲು.