ಚೌಕ ಕಾಗದದಿಂದ ಡ್ರ್ಯಾಗನ್: ಇದು ಬರೀ ಆಟವೇ?

ಮಕ್ಕಳ ಕೈಗೆ ಕಾಗದ ಸಿಕ್ಕಿದರೆ ಅದು ದೋಣಿಯಾಗುತ್ತದೆ, ಇಲ್ಲವೇ ವಿಮಾನವಾಗುತ್ತದೆ. ದೋಣಿ ಮಳೆಗಾಲದಲ್ಲಿ ಅಂಗಳದ ನೀರಿಗೆ. ವಿಮಾನ ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ. ಎರಡಕ್ಕೂ ಹಿರಿಯರಿಂದ ದೊರೆಯುವ ಬಹುಮಾನ ಒಂದೇ, "ಪುಸ್ತಕದ ಹಾಳೆ ಹರಿದು ಹೊತ್ತು ಕಳೆಯಬೇಡ" ಎಂಬ ಗದರಿಕೆ. ಪುಸ್ತಕದ ಹಾಳೆ ಹರಿಯಬಾರದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಕಾಗದ ಮಡಚುವುದೆಂದರೆ ಹೊತ್ತು ಕಳೆಯುವುದು ಎಂಬ ಮಾತನ್ನು ಒಪ್ಪಲಾರೆವು. ನಮ್ಮ ಶಾಲೆಯ ಗಣಿತ ಸಂಘದವರಾದ ನಾವು ಈ ವರ್ಷ ಒಂದು ಚೌಕ ಕಾಗದದಿಂದ, ಕತ್ತರಿ ಹಾಕದೆ, ಗೋಂದು ಹಚ್ಚದೆ, ಡ್ರ್ಯಾಗನ್ ಮಡಚಲು ಕಲಿತೆವು. ಕಲಿತ ಮೇಲೆ ನಮ್ಮಲ್ಲಿ ಮೂಡಿದ ಅಭಿಪ್ರಾಯವನ್ನು ಹೆತ್ತವರ ಮುಂದೆಯೂ ಅಧ್ಯಾಪಕರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ. ವಾರಕ್ಕೆ ಒಂದು ಗಣಿತದ ಪೀರಿಯಡನ್ನು ಕಾಗದ ಮಡಚುವುದಕ್ಕೆ ಕೊಡಬೇಕು. ಅದನ್ನು ಕನ್ನಡದಲ್ಲೇ, ಕನ್ನಡದ ಮಾತುಗಳಿಂದಲೇ ನಡೆಸಬೇಕು.

ಕಾಗದ ಮಡಚಿ ಆಕೃತಿ ಮಾಡುವ ಕಲೆಗೆ ಜಪಾನೀಯರು ಒರಿಗಾಮಿ ಎನ್ನುತ್ತಾರೆ. ಒರಿ ಎಂದರೆ ಮಡಚುವುದು, ಕಾಮಿ ಎಂದರೆ ಕಾಗದ. ಡ್ರ್ಯಾಗನ್ ಎಂದೊಡನೆ ಬೆಂಕಿ ಉಗುಳುವ ರೆಕ್ಕೆಯ ಪ್ರಾಣಿ ಕಣ್ಣ ಮುಂದೆ ಬರುತ್ತದೆ. ಅದು ಪಶ್ಚಿಮದವರ ಕಲ್ಪನೆ. ಜಪಾನಿನ ಡ್ರ್ಯಾಗನ್ ಹಾವಿನಂತೆ ಉದ್ದವಾದುದು, ಸಾಮಾನ್ಯವಾಗಿ ರೆಕ್ಕೆಯಿಲ್ಲದ್ದು, ನೀರಿಗೆ ಒಡೆಯನಾದುದು. ನಾಗಬನಗಳಿರುವ ಈ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1981ರಲ್ಲಿ ಹುಟ್ಟಿದ ಸತೋಶಿ ಕಾಮಿಯಾ ಎಂಬ ಕಲಾವಿದರು ಇಂತಹ ಒಂದು ಡ್ರ್ಯಾಗನನ್ನು ರೂಪಿಸಿದ್ದಾರೆ. ಅದರ ಹೆಸರು ರ್ಯೂಜಿನ್. ಮೈತುಂಬ ಹುರುಪೆ, ಕಾಲುಗಳಲ್ಲಿ ಉಗುರು, ತಲೆಯಲ್ಲಿ ಕೊಂಬು, ಮುಖದಲ್ಲಿ ಮೀಸೆ. ಎಲ್ಲವೂ ಒಂದೇ ಚೌಕ ಕಾಗದದಿಂದ ಎದ್ದು ಬಂದವು. ಅದರ ಚಿತ್ರವನ್ನು ನೋಡಿದವರು ಕತ್ತರಿಸಿ ಅಂಟಿಸಿದ್ದೆಂದೇ ವಾದಿಸುತ್ತಾರೆ.

ನಾವು ಮಡಚಿದ್ದು ಅಷ್ಟು ದೊಡ್ಡ ಡ್ರ್ಯಾಗನ್ ಅಲ್ಲ. ಅಂಗೈಯಲ್ಲಿ ಕೂರುವಂಥದ್ದು, ರೆಕ್ಕೆಯುಳ್ಳದ್ದು. ಮೊದಲ ಡ್ರ್ಯಾಗನನ್ನು ಮೇಜಿನ ಮೇಲಿಟ್ಟಾಗ ಐದನೆಯ ತರಗತಿಯ ಹುಡುಗಿಯೊಬ್ಬಳು "ಇದು ಅನಂತಪುರದ ಬಬಿಯಾ, ರೆಕ್ಕೆ ಬಂದಿದೆ" ಎಂದಳು. ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಆ ಮೊಸಳೆ 2022ರ ಅಕ್ಟೋಬರದಲ್ಲಿ ತೀರಿಹೋಯಿತು. ಅಂದಿನಿಂದ ನಮ್ಮ ಡ್ರ್ಯಾಗನಿಗೆ ಅದೇ ಹೆಸರು ನಿಂತಿದೆ.

ಮಡಚುವ ಕ್ರಮವನ್ನು ಸ್ವಲ್ಪದರಲ್ಲಿ ಹೇಳುತ್ತೇವೆ. ಝೆರಾಕ್ಸ್ ಅಂಗಡಿಯ ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅದರ ಒಂದು ಮೂಲೆಯನ್ನು ಎದುರಿನ ಅಂಚಿಗೆ ತಂದು ಮಡಚಿ, ಮಿಕ್ಕ ಪಟ್ಟಿಯನ್ನು ತೆಗೆದರೆ ಚೌಕ ಸಿಗುತ್ತದೆ. (ಕತ್ತರಿ ಹಾಕಬಾರದೆಂಬ ನಿಯಮ ಶುರುವಾಗುವುದು ಇದರ ನಂತರ.) ಈಗ ಆ ಚೌಕದ ಕರ್ಣವನ್ನು ಅಳೆದು ನೋಡಿ: 297 ಮಿಲಿಮೀಟರ್! ಮೊದಲಿನ ಹಾಳೆಯ ಉದ್ದವೇ ಚೌಕದ ಕರ್ಣವಾಗಿ ಕುಳಿತಿದೆ. ಎರಡರ ವರ್ಗಮೂಲ ಎಂಬುದು ಪುಸ್ತಕದಲ್ಲಿ ಮುಗಿಯದ ದಶಮಾಂಶವಾಗಿ ನಮ್ಮನ್ನು ಹೆದರಿಸುತ್ತಿತ್ತು. ಅದು ದಿನಾಲೂ ಕೈಯಲ್ಲಿ ಹಿಡಿಯುವ ಹಾಳೆಯೊಳಗೇ ಇತ್ತೆಂದು ತಿಳಿದಾಗ ಹೆದರಿಕೆ ಅರ್ಧ ಇಳಿಯಿತು.

ಚೌಕದ ಎರಡು ಕರ್ಣಗಳನ್ನೂ ಎರಡು ನಡುಗೆರೆಗಳನ್ನೂ ಮಡಚಿ ಬಿಚ್ಚಬೇಕು. ಆ ಗೆರೆಗಳ ಮೇಲೆಯೇ ಕಾಗದವನ್ನು ಒಟ್ಟುಗೂಡಿಸಿದರೆ ಅದು ಕಾಲುಭಾಗದ ಚಿಕ್ಕ ಚೌಕವಾಗಿ ಕುಳಿತುಕೊಳ್ಳುತ್ತದೆ. ಅದರ ಅಂಚುಗಳನ್ನು ನಡುಗೆರೆಗೆ ತಂದಾಗ 45 ಡಿಗ್ರಿಯ ಕೋನ ಇಬ್ಭಾಗವಾಗಿ ಇಪ್ಪತ್ತೆರಡೂವರೆ ಡಿಗ್ರಿಯಾಗುತ್ತದೆ. ಕೋನಮಾಪಕ ಬೇಡ, ಕೈವಾರವೂ ಬೇಡ. ಮುಂದೆ ಹೂವಿನ ಎಸಳನ್ನು ಎತ್ತಿದಂತೆ ಒಂದು ಪದರವನ್ನು ಮೇಲಕ್ಕೆತ್ತಿ ಒತ್ತಬೇಕು, ಹಿಂಬದಿಗೂ ಹೀಗೆಯೇ. ಆಗ ಚೌಕದ ನಾಲ್ಕು ಮೂಲೆಗಳು ನಾಲ್ಕು ಉದ್ದನೆಯ ಮೊನೆಗಳಾಗಿರುತ್ತವೆ. ಒಂದು ಕುತ್ತಿಗೆ, ಒಂದು ಬಾಲ, ಎರಡು ರೆಕ್ಕೆ. ಕಾಗದದ ನಡುಭಾಗ ಬೆನ್ನಾಗುತ್ತದೆ. ಕುತ್ತಿಗೆಯ ಮೊನೆಯನ್ನು ಗಾಳಿಗೆ ಕೊಡೆ ಮಗುಚಿದಂತೆ ಮಗುಚಿದರೆ ತಲೆ, ಬಾಲವನ್ನು ಅಂಕುಡೊಂಕಾಗಿ ಮಡಚಿದರೆ ಸುಳಿವ ಬಾಲ. ರೆಕ್ಕೆಗೆ ಸೀರೆಯ ನೆರಿಗೆಯಂತೆ ನೆರಿಗೆ ಹಿಡಿಯಬೇಕು. ಇದರಲ್ಲಿ ನಮ್ಮ ಹುಡುಗಿಯರೇ ಮುಂದು, ಹುಡುಗರು ನೋಡಿ ಕಲಿಯಬೇಕಾಯಿತು.

ಇಲ್ಲೊಂದು ಭಾಷೆಯ ಪ್ರಶ್ನೆ ಎದ್ದಿತು. ಗೆರೆ ಮೇಲಕ್ಕೆ ಏಳುವಂತೆ ಮಡಚಿದರೆ ಇಂಗ್ಲಿಷಿನಲ್ಲಿ ಅದು ಪರ್ವತದ ಮಡಿಕೆ. ಒಳಕ್ಕೆ ತಗ್ಗುವಂತೆ ಮಡಚಿದರೆ ಕಣಿವೆಯ ಮಡಿಕೆ. ಇಂಗ್ಲಿಷ್ ಹೆಸರುಗಳನ್ನೇ ಇಟ್ಟುಕೊಳ್ಳೋಣ, ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ಕೆಲವರು ವಾದಿಸಿದರು. ಪರ್ವತ, ಕಣಿವೆ ಎಂಬ ಮಾತುಗಳೂ ಬಾಯಿಗೆ ಹತ್ತಲಿಲ್ಲ. ನಮ್ಮ ದಾರಿಯಲ್ಲಿ ಪರ್ವತವಿಲ್ಲ. ಆದರೆ ಗುಡ್ಡೆ ಇದೆ, ಬೈಲು ಇದೆ. ಗುಡ್ಡೆ ಹತ್ತಿ ಬೈಲಿಗೆ ಇಳಿದು, ಕಟ್ಟಪುಣಿಯ ಮೇಲೆ ನಡೆದು ಶಾಲೆಗೆ ಬರುವವರು ನಮ್ಮಲ್ಲಿ ಎಷ್ಟೋ ಮಂದಿ. ಹಾಗಾಗಿ ಗುಡ್ಡೆ ಮಡಿಕೆ, ಬೈಲು ಮಡಿಕೆ ಎಂದು ಹೆಸರಿಟ್ಟೆವು. ಆ ಮೇಲೆ ಚಿಕ್ಕವರಿಗೆ ಹೇಳಿಕೊಡಲು ಒಂದು ನಿಮಿಷವೂ ಬೇಕಾಗಲಿಲ್ಲ. "ಈ ಗೆರೆ ಗುಡ್ಡೆ, ಆ ಗೆರೆ ಬೈಲು" ಎಂದರೆ ಸಾಕು, ಕೈ ತಾನಾಗಿ ಮಡಚುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಹೊಸ ವಿದ್ಯೆಯ ಮಾತುಗಳು ಸಿಗುವುದಿಲ್ಲ ಎಂಬ ದೂರನ್ನು ನಾವು ಆಗಾಗ ಕೇಳುತ್ತೇವೆ. ಮಾತುಗಳು ಮನೆಯ ಸುತ್ತಲೇ ಇವೆ; ಅವನ್ನು ತರಗತಿಯೊಳಗೆ ಕರೆಯುವವರು ಕಡಿಮೆ, ಅಷ್ಟೆ.

ಇನ್ನು ಮಡಚುವ ಕ್ರಮವನ್ನು ಎಲ್ಲಿಂದ ಕಲಿಯಬೇಕು? ಮೊಬೈಲಿನಲ್ಲಿ ವೀಡಿಯೋಗಳಿಗೆ ಬರವಿಲ್ಲ. ಆದರೂ ನಾವು ಚಿತ್ರಗಳಿಂದಲೇ ಕಲಿಯಬೇಕೆಂದು ಹಟ ಹಿಡಿದೆವು. ಈ ಚಿತ್ರಗಳ ಹಿಂದೆ ದೊಡ್ಡವರೊಬ್ಬರಿದ್ದಾರೆ. ಜಪಾನಿನ ಅಕಿರಾ ಯೋಶಿಜಾವಾ (1911–2005) ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಆ ಕೆಲಸವನ್ನು ಬಿಟ್ಟು ಬಡತನದಲ್ಲಿಯೇ ಕಾಗದದ ಹಿಂದೆ ಬಿದ್ದರು. 1954ರಲ್ಲಿ ಅವರ ಪುಸ್ತಕ ಬಂತು. ಚುಕ್ಕಿಗೆರೆ, ತುಂಡುಗೆರೆ, ಬಾಣದ ಗುರುತುಗಳಿಂದ ಮಡಿಕೆಗಳನ್ನು ತೋರಿಸುವ ಪದ್ಧತಿ ಅವರದು. ಮುಂದೆ ಸ್ವಲ್ಪ ಬದಲಾವಣೆಯೊಂದಿಗೆ ಲೋಕವೆಲ್ಲ ಅದನ್ನೇ ಅನುಸರಿಸಿತು. ಇದರ ಲಾಭ ನೋಡಿ: ಜಪಾನೀ ಅಕ್ಷರ ಒಂದೂ ಬಾರದ ನಾವು ಜಪಾನೀ ಪುಟವನ್ನು ಓದಬಲ್ಲೆವು. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವೂ ಕಿವಿಗೆ ಬೀಳುವ ಈ ಜಿಲ್ಲೆಯಲ್ಲಿ ಯಾವ ಮಗುವೂ ಹೊರಗುಳಿಯದಂತೆ ಓದಬಹುದಾದ ಪುಟ ಇನ್ನೆಲ್ಲಿ ಸಿಕ್ಕೀತು?

ವೀಡಿಯೋ ಕೈಯನ್ನು ಹಿಡಿದು ನಡೆಸುತ್ತದೆ. ಚಿತ್ರ ಹಾಗಲ್ಲ. ಏಳನೆಯ ಚಿತ್ರಕ್ಕೂ ಎಂಟನೆಯ ಚಿತ್ರಕ್ಕೂ ನಡುವೆ ಏನಾಯಿತು ಎಂಬುದನ್ನು ನಾವೇ ಊಹಿಸಬೇಕು. ಕಾಗದವನ್ನು ತಿರುಗಿಸಿ, ಬಿಚ್ಚಿ, ಮತ್ತೆ ಮಡಚಿ, ಎಂಟನೆಯ ಚಿತ್ರದಲ್ಲಿರುವಂತೆಯೇ ಬಂದರೆ ಮಾತ್ರ ಸರಿ. ರೇಖಾಗಣಿತದ ಪ್ರಮೇಯದಲ್ಲಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವುದೂ ಹೀಗೆಯೇ ಅಲ್ಲವೇ? ಸಂಘದಲ್ಲಿ ವೀಡಿಯೋ ನೋಡಿ ಮಡಚಿದವರು ಮರುವಾರ ಮತ್ತೆ ವೀಡಿಯೋ ಹುಡುಕಿದರು. ಚಿತ್ರ ಓದಿ ಮಡಚಿದವರು ಬಸ್ಸಿನಲ್ಲಿ ಕುಳಿತು ಟಿಕೆಟಿನಿಂದಲೂ ಮಡಚಿದರು! (ಟಿಕೆಟು ಚೌಕವಲ್ಲ, ಆ ಡ್ರ್ಯಾಗನಿಗೆ ಬಾಲ ಗಿಡ್ಡ.)

ಗಣಿತ ಇಷ್ಟಕ್ಕೇ ಮುಗಿಯಲಿಲ್ಲ. ಮೇಲೆ ಹೇಳಿದ ಚಿಕ್ಕ ಚೌಕವನ್ನು ಅರ್ಧ ಬಿಚ್ಚಿ, ಕಾಗದದ ನಡುಬಿಂದುವನ್ನು ನೋಡಿ. ಅಲ್ಲಿ ನಿಜವಾಗಿ ಮಡಚಿ ನಿಂತ ಗೆರೆಗಳು ಆರು. ನಾಲ್ಕು ಒಂದು ಜಾತಿ, ಎರಡು ಇನ್ನೊಂದು ಜಾತಿ. ಗುಡ್ಡೆ ನಾಲ್ಕಾದರೆ ಬೈಲು ಎರಡು. ಕಾಗದವನ್ನು ತಿರುವಿ ಹಾಕಿದರೆ ಬೈಲು ನಾಲ್ಕು, ಗುಡ್ಡೆ ಎರಡು. ವ್ಯತ್ಯಾಸ ಎರಡೇ. ಕಾಗದ ಚಪ್ಪಟೆಯಾಗಿ ಮಡಚಿಕೊಂಡಿದ್ದರೆ, ಅಂಚಿನಲ್ಲಲ್ಲದೆ ಒಳಗಿರುವ ಯಾವ ಬಿಂದುವಿನಲ್ಲಿಯೂ ಗುಡ್ಡೆ ಬೈಲುಗಳ ವ್ಯತ್ಯಾಸ ಎರಡೇ ಆಗಿರುತ್ತದೆ. ಜಪಾನಿನ ಜುನ್ ಮಾಯೆಕಾವಾ ಅವರ ಹೆಸರಿನಲ್ಲಿ ಈ ಪ್ರಮೇಯ ಪ್ರಸಿದ್ಧವಾಗಿದೆ. ಅದೇ ಬಿಂದುವಿನ ಸುತ್ತಲಿನ ಕೋನಗಳನ್ನು ಒಂದು ಬಿಟ್ಟು ಒಂದು ಕೂಡಿಸಿ: 90, 45, 45, ಒಟ್ಟು 180. ಮಿಕ್ಕವನ್ನು ಕೂಡಿಸಿದರೂ 180. ನಾವು ಡ್ರ್ಯಾಗನನ್ನು ಪೂರ್ತಿ ಬಿಚ್ಚಿ, ಬಿಂದು ಬಿಂದುವಿಗೂ ಪೆನ್ಸಿಲಿನಿಂದ ಗು, ಬೈ ಎಂದು ಬರೆದು ಎಣಿಸಿದೆವು. ಎಲ್ಲಿಯೂ ತಪ್ಪಲಿಲ್ಲ. ಗಣಿತದಲ್ಲಿ ಹಿಂದೆಂದು ಹೆಸರಾದವನೊಬ್ಬ ಅಂದು ಎಲ್ಲರಿಗಿಂತ ಮೊದಲು ಎಣಿಸಿ ಮುಗಿಸಿದ್ದನ್ನು ನಾವು ಕಣ್ಣಾರೆ ಕಂಡೆವು. ಈ ಲೇಖನ ಬರೆಯಲು ಮುಖ್ಯ ಕಾರಣವೇ ಅವನು.

ಇದೆಲ್ಲ ಜಪಾನಿನಿಂದ ಬಂದದ್ದು, ನಮಗೇಕೆ ಎನ್ನುವವರಿಗೆ ಒಂದು ಮಾತು. ಕಾಗದ ಮಡಚಿ ರೇಖಾಗಣಿತ ಕಲಿಸಬಹುದೆಂದು ಪುಸ್ತಕ ಬರೆದು ಲೋಕಪ್ರಸಿದ್ಧರಾದವರು ನಮ್ಮ ದೇಶದವರೇ. ಅವರು ಟಿ. ಸುಂದರ ರಾವ್, ಸರಕಾರಿ ಅಧಿಕಾರಿಯಾಗಿದ್ದವರು. ಅವರ ಇಂಗ್ಲಿಷ್ ಪುಸ್ತಕ 1893ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಅದೇ ಮದರಾಸು ಆಧಿಪತ್ಯದಲ್ಲಿತ್ತು. ಜರ್ಮನಿಯ ಫ್ರೋಬೆಲ್ ಹುಟ್ಟುಹಾಕಿದ ಕಿಂಡರ್‌ಗಾರ್ಟನ್ ಶಾಲೆಗಳಲ್ಲಿ ಪುಟ್ಟ ಮಕ್ಕಳಿಗೆ ಬಣ್ಣದ ಚೌಕ ಕಾಗದಗಳನ್ನು ಮಡಚಲು ಕೊಡುತ್ತಿದ್ದರು. ಅದರಿಂದಲೇ ಸುಂದರ ರಾಯರಿಗೆ ಈ ಪುಸ್ತಕದ ಯೋಚನೆ ಹುಟ್ಟಿದ್ದು. ಚೌಕ, ಸಮಭುಜ ತ್ರಿಕೋನ, ಪಂಚಭುಜ, ಷಡ್ಭುಜಗಳಿಂದ ಹಿಡಿದು ಪರವಲಯದವರೆಗೆ ಎಲ್ಲವನ್ನೂ ಮಡಿಕೆಗಳಿಂದ ತೋರಿಸಿದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಬರಹದಲ್ಲಿ ಅದನ್ನು ಹೆಸರಿಸಿದರು. 1901ರಲ್ಲಿ ಶಿಕಾಗೋದಲ್ಲಿ ಮರುಮುದ್ರಣವಾಯಿತು. ರಾಯರಿಗೂ ನಿಲುಕದ ಒಂದು ಮೆಟ್ಟಿಲನ್ನು 1936ರಲ್ಲಿ ಇಟಲಿಯ ಮಾರ್ಗರಿಟಾ ಬೆಲೋಕ್ ಏರಿದರು. ಯಾವುದೇ ಕೋನವನ್ನು ಮೂರು ಸಮಭಾಗ ಮಾಡುವುದು ಅಳತೆಪಟ್ಟಿ, ಕೈವಾರಗಳಿಂದ ಅಸಾಧ್ಯವೆಂದು 1837ರಲ್ಲೇ ಸಿದ್ಧವಾಗಿತ್ತು. ಅಂತಹ ಘನ ಸಮೀಕರಣದ ಲೆಕ್ಕಗಳು ಕಾಗದದ ಮಡಿಕೆಗೆ ಬಗ್ಗುತ್ತವೆಂದು ಅವರು ತೋರಿಸಿದರು. ಹಾಗಿರುವಾಗ ಕಾಗದವನ್ನು ಕೈವಾರಕ್ಕಿಂತ ಕೀಳೆಂದು ಹೇಳುವುದು ಹೇಗೆ?

ಮಡಚುವ ವಿದ್ಯೆ ನಮ್ಮ ಮನೆಗಳಿಗೂ ಹೊಸತಲ್ಲ. ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಸೇರಿಸಿ, ಹಿಟ್ಟು ಸೋರದ ಕೊಟ್ಟೆ ಮಾಡುವ ಅಜ್ಜಿಗೆ ಯಾವ ಚಿತ್ರವೂ ಬೇಡ. ಅಡಿಕೆಯ ಹಾಳೆ ಮಡಚಿ ಮುಟ್ಟಾಳೆ ಮಾಡುವವರು, ತೆಂಗಿನ ಗರಿಯಿಂದ ಪೀಪಿ, ವಾಚು, ಹಾವು ಮಾಡಿಕೊಡುವ ಮಾವಂದಿರು ಈಗಲೂ ಇದ್ದಾರೆ. ನಮ್ಮಲ್ಲಿ ಹಲವರ ಅಮ್ಮಂದಿರು ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಎಲೆ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಅವರ ಬೆರಳುಗಳ ವೇಗವನ್ನು ನೋಡಿದವರು ಮಡಚುವುದನ್ನು ಸುಲಭದ ಕೆಲಸವೆನ್ನಲಾರರು. ಆ ಬೆರಳುಗಳಿಗೆ ಸಂಬಳವಲ್ಲದೆ ಬೇರೆ ಗೌರವ ಸಿಕ್ಕಿದ್ದನ್ನು ನಾವು ಕಂಡಿಲ್ಲ. ಸಂಘದ ಒಬ್ಬ ಗೆಳತಿಯ ಅಮ್ಮ ನಮ್ಮ ಡ್ರ್ಯಾಗನಿನ ಮೂತಿಯನ್ನು ಒಂದು ಸಲ ನೋಡಿ, ನಮಗಿಂತ ಚೂಪಾಗಿ ಮಡಚಿ ತೋರಿಸಿದರು.

"ಇದಕ್ಕೆ ಪರೀಕ್ಷೆಯಲ್ಲಿ ಮಾರ್ಕು ಉಂಟೋ?" ಎಂದು ಹೆತ್ತವರು ಕೇಳಿಯೇ ಕೇಳುತ್ತಾರೆ. ನೇರವಾಗಿ ಇಲ್ಲ. ವೃತ್ತಿ ಪರಿಚಯ ಮೇಳದಲ್ಲಿ ಕಾಗದದ ಕೆಲಸಕ್ಕೆ ಸ್ಪರ್ಧೆಯಿದೆ, ನಿಜ. ಅಲ್ಲಿ ಕತ್ತರಿ, ಗೋಂದು, ಮಿಂಚುಪುಡಿಗಳದೇ ಕಾರುಬಾರು. ಅದನ್ನು ನಾವು ಹೀಗಳೆಯುವುದಿಲ್ಲ, ಆದರೆ ನಾವು ಕೇಳುತ್ತಿರುವುದು ಅದನ್ನಲ್ಲ. ಕರ್ಣ, ಲಂಬ, ಸಮರೂಪತೆ, ಕೋನಗಳ ಮೊತ್ತ ಇವೆಲ್ಲ ಹೇಗೂ ಪಾಠದಲ್ಲಿವೆ. ಅವನ್ನು ಕರಿಹಲಗೆಯ ಮೇಲೆ ನೋಡುವ ಬದಲು ಕೈಯಲ್ಲಿ ಹಿಡಿಯುವುದಕ್ಕೆ ವಾರದಲ್ಲಿ ಮುಕ್ಕಾಲು ಗಂಟೆ ಹೆಚ್ಚೇನಲ್ಲ. ದೊಡ್ಡ ಉಪಯೋಗವೇ ಬೇಕೆಂದರೆ ಅದೂ ಇದೆ: ಕೋರ್ಯೋ ಮಿಯುರಾ ಎಂಬ ಜಪಾನೀ ವಿಜ್ಞಾನಿ ಕಂಡುಹಿಡಿದ ಮಡಿಕೆಯನ್ನು 1995ರಲ್ಲಿ ಆಕಾಶಕ್ಕೆ ಹಾರಿಸಿದ ಉಪಗ್ರಹದ ಸೌರಫಲಕಕ್ಕೆ ಬಳಸಿದರು. ಎರಡು ತುದಿಗಳನ್ನು ಎಳೆದರೆ ಇಡೀ ಹಾಳೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಅದೂ ಗುಡ್ಡೆ, ಬೈಲುಗಳ ಸಾಲೇ.

ಪೀರಿಯಡು ಜೂನಿನಲ್ಲೇ ಶುರುವಾದರೆ ಒಂದು ತೊಂದರೆಯಿದೆ. ಆಟಿ ತಿಂಗಳ ಥಂಡಿಗೆ ನಮ್ಮಲ್ಲಿ ಕಾಗದ ಮೆತ್ತಗಾಗಿ ಗೆರೆ ನಿಲ್ಲುವುದಿಲ್ಲ, ಡ್ರ್ಯಾಗನ್ ಮಧ್ಯಾಹ್ನದೊಳಗೆ ರೆಕ್ಕೆ ಇಳಿಬಿಡುತ್ತದೆ. ಯೋಶಿಜಾವಾ ಅವರು ದಪ್ಪ ಕಾಗದವನ್ನು ಬೇಕೆಂದೇ ನೀರಿನಿಂದ ತೇವ ಮಾಡಿ ಮಡಚುತ್ತಿದ್ದರು. ಒಣಗಿದ ಮೇಲೆ ಅದು ಗಟ್ಟಿಯಾಗಿ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ನಾವೂ ಹಾಗೆಯೇ ದಪ್ಪ ಕಾಗದ ಹಿಡಿಯಬೇಕೆಂದಿದ್ದೇವೆ. ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ: ಹಳೆಯ ವರ್ಷದ ಕ್ಯಾಲೆಂಡರಿನ ಹಾಳೆಗಳನ್ನೂ ಮದುವೆ ಕಾಗದಗಳನ್ನೂ ಒಲೆಗೆ ಹಾಕದೆ ಮಕ್ಕಳ ಕೈಯಲ್ಲಿ ಶಾಲೆಗೆ ಕಳುಹಿಸಿಕೊಡಿ. ಗಣಿತ ಸಂಘದ ಕಪಾಟಿನ ಕೆಳಗಿನ ಅಂತಸ್ತು ಅದಕ್ಕಾಗಿ ಖಾಲಿಯಿದೆ.