ಬೆಸುಗೆಗೆ ಮುಂಚಿನ ಬಿಸಿ

ದಪ್ಪವಾದ ಉಕ್ಕಿನ ಹಲಗೆಗಳನ್ನು ಬೆಸೆಯುವ ಕಾರ್ಖಾನೆಯನ್ನು ನೋಡಿದ ವಾಚಕ ಮಹಾಶಯರಿಗೆ ಒಂದು ಸಂಗತಿಯು ವಿಚಿತ್ರವಾಗಿ ತೋರಿರಬಹುದು. ವಿದ್ಯುತ್ತಿನ ಬೆಸುಗೆಯೇ ಉಕ್ಕನ್ನು ಕರಗಿಸಬಲ್ಲುದು. ಹೀಗಿರಲು, ಕೆಲಸಗಾರನು ಅದಕ್ಕೆ ಮೊದಲು ಗ್ಯಾಸಿನ ಜ್ವಾಲೆಯಿಂದ ಆ ಉಕ್ಕನ್ನು ಬಹಳ ಹೊತ್ತು ಕಾಯಿಸುವುದೇತಕ್ಕೆ? ಇದು ಪುನರುಕ್ತಿಯಲ್ಲವೆ?

ಅಲ್ಲ. ಕಮ್ಮಾರನು ಕತ್ತಿಯನ್ನು ಕೆಂಪಗೆ ಕಾಯಿಸಿ ಒಡನೆಯೇ ನೀರಿನಲ್ಲಿ ಅದ್ದುವುದನ್ನು ಬಲ್ಲಿರಷ್ಟೆ. ಶೀಘ್ರವಾಗಿ ತಣಿದ ಉಕ್ಕು ಕಠಿನವಾಗುತ್ತದೆ. ಕಾಠಿನ್ಯದೊಡನೆ ಭಂಗುರತೆಯೂ ಬರುತ್ತದೆ. ಬೆಸುಗೆಯಲ್ಲಿ ಕರಗುವ ಲೋಹವು ಅತ್ಯಲ್ಪ. ಸುತ್ತಲಿನ ತಣ್ಣನೆಯ ಉಕ್ಕು ಅಪಾರ. ಆ ರಾಶಿಯು ಬೆಸುಗೆಯ ಶಾಖವನ್ನು ಬೇಗನೆ ಹೀರಿಬಿಡುವುದರಿಂದ, ನೀರಿಲ್ಲದೆಯೇ ನೀರಿನಲ್ಲಿ ಅದ್ದಿದಂತಾಗುತ್ತದೆ.

ಇನ್ನೊಂದು ಶತ್ರುವೂ ಉಂಟು. ಬೆಸುಗೆಯ ಕಡ್ಡಿಯ ತೇವದಿಂದಲೂ, ಉಕ್ಕಿನ ಮೇಲಣ ಜಿಡ್ಡು ತುಕ್ಕುಗಳಿಂದಲೂ ಜಲಜನಕವು ಹುಟ್ಟಿ ಕರಗಿದ ಲೋಹವನ್ನು ಸೇರುತ್ತದೆ. ಲೋಹವು ಬೇಗ ತಣಿದರೆ ಅದಕ್ಕೆ ಹೊರಬೀಳಲು ಅವಕಾಶವಿಲ್ಲ. ಕಠಿನವಾದ ಉಕ್ಕು, ಸಂಕೋಚದ ಸೆಳೆತ, ಸೆರೆಯಾದ ಜಲಜನಕ, ಈ ಮೂರೂ ಕೂಡಿದಲ್ಲಿ ಬಿರುಕು ಹುಟ್ಟುತ್ತದೆ. ಅದು ಒಡನೆಯೇ ಕಾಣುವುದಿಲ್ಲ. ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ಮೇಲೆ, ಬೆಸುಗೆಯ ಮಗ್ಗುಲಲ್ಲಿ ಗುಪ್ತವಾಗಿ ಮೂಡಬಹುದು.

ಬೆಸುಗೆಯ ಬಿರುಕನ್ನು ಅಲಕ್ಷಿಸಿದರೆ ಏನಾದೀತೆಂಬುದನ್ನು ಆಸ್ಟ್ರೇಲಿಯದ ಮೆಲ್ಬರ್ನ್ ನಗರವು ಕಂಡಿದೆ. ಅಲ್ಲಿಯ ಕಿಂಗ್ ಸ್ಟ್ರೀಟ್ ಸೇತುವೆಯು 1961ರಲ್ಲಿ ತೆರೆಯಿತು. 1962ನೆಯ ಇಸವಿ ಜುಲೈ 10ರಂದು, ಆ ದೇಶದ ಚಳಿಗಾಲದಲ್ಲಿ, ಸೇತುವೆಯು ಹೊರಬಲ್ಲಷ್ಟೇ ಭಾರದ ಒಂದು ಲಾರಿಯು ದಾಟುತ್ತಿರುವಾಗ ಅದರ ಒಂದು ಅಂಕಣವು ಮುರಿದು ಕುಸಿಯಿತು. ತೊಲೆಗಳ ಉಕ್ಕು ಬಲಿಷ್ಠವಾದುದೇ ಆದರೂ ಬೆಸುಗೆಗೆ ಸುಲಭವಾಗಿ ಒಗ್ಗತಕ್ಕುದಲ್ಲ. ಬೆಸುಗೆಯ ಅಂಚಿನಲ್ಲಿ ಮೊದಲೇ ಅಡಗಿದ್ದ ಬಿರುಕುಗಳು ಭಂಗಕ್ಕೆ ಮೂಲವಾದುವು. ದೈವವಶಾತ್ ಪ್ರಾಣಹಾನಿಯಾಗಲಿಲ್ಲ.

ಮುಂಚಿತವಾಗಿ ಕಾಯಿಸಿದ ಉಕ್ಕಿನಲ್ಲಿ ಬೆಸುಗೆಯು ಮೆಲ್ಲನೆ ತಣಿಯುತ್ತದೆ, ಜಲಜನಕಕ್ಕೂ ಹೊರಬೀಳಲು ಕಾಲ ದೊರೆಯುತ್ತದೆ. ತೆಳುವಾದ ಸಾಧಾರಣ ಉಕ್ಕಿಗೆ ಈ ಉಪಚಾರವು ಬೇಕಿಲ್ಲ. ದಪ್ಪವೂ ಇಂಗಾಲದ ಅಂಶವೂ ಹೆಚ್ಚಿದಂತೆಲ್ಲ ಬಿಸಿಯೂ ಹೆಚ್ಚಬೇಕು. ಅನೇಕ ವೇಳೆ ಅದು 100ರಿಂದ 200 ಡಿಗ್ರಿ ಸೆಂಟಿಗ್ರೇಡಿನವರೆಗೆ ಇರುತ್ತದೆ. ಜ್ವಾಲೆಯನ್ನು ಒಂದೆಡೆ ನಿಲ್ಲಿಸದೆ ಅಗಲವಾಗಿ ಆಡಿಸಬೇಕು. ಆರಂಭದಲ್ಲಿ ತಣ್ಣನೆಯ ಉಕ್ಕಿನ ಮೇಲೆ ನೀರಿನ ಹನಿಗಳು ಕಾಣುವುವು. ಉಕ್ಕು ಬೆವರಿತೆಂದು ಕೆಲವರು ಭ್ರಮಿಸುವರು. ಗ್ಯಾಸು ಉರಿಯುವಾಗ ಹುಟ್ಟಿದ ಆವಿಯೇ ಅಲ್ಲಿ ನೀರಾಗುವುದು. ಅದು ಆರಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಬಿಸಿಯು ದಪ್ಪದ ಉದ್ದಕ್ಕೂ ಇಳಿಯಬೇಕು. ಆದುದರಿಂದ ಬಲ್ಲವರು, ಗೊತ್ತಾದ ಉಷ್ಣತೆಯಲ್ಲಿ ಕರಗುವ ಬಳಪದಿಂದ, ಸಾಧ್ಯವಾದಲ್ಲಿ ಜ್ವಾಲೆ ತಗಲದ ಹಿಂಬದಿಯಲ್ಲಿ ಗೆರೆಯೆಳೆದು ಪರೀಕ್ಷಿಸುವರು. ಬೆಸುಗೆಯು ಮುಗಿಯುವವರೆಗೂ ಆ ಬಿಸಿಯನ್ನು ಕಾಪಾಡಿ, ಬಳಿಕ ನೀರು ತಗಲಿಸದೆ ತಾನಾಗಿ ತಣಿಯಬಿಡುವರು.

ಬೆಸೆಯುವವನು ಈ ಕಾರ್ಯದಲ್ಲಿ ಉಳಿಸಬಹುದಾದುದು ಅರ್ಧ ಗಂಟೆ. ಆ ಉಳಿತಾಯದ ಋಣವನ್ನು ತೀರಿಸಬೇಕಾದವನು ಮಾತ್ರ, ಬಹುಕಾಲದ ಮೇಲೆ ಆ ಸೇತುವೆಯನ್ನು ನಂಬಿ ದಾಟುವ ಇನ್ನಾರೋ ದಾರಿಗನು.