ಪರರ ಸೋಲಿನ ಮೇಲೆ ಕಟ್ಟಿದ ಪಣ

ಗಾಲ್ಫ್ ಆಟಗಾರನು ಚೆಂಡಿಗೆ ಹೊಡೆಯಲು ಸಿದ್ಧನಾದಾಗ ಸುತ್ತ ನೆರೆದ ಜನರೆಲ್ಲ ಮೌನವಾಗುವುದು ಆ ಆಟದ ಹಳೆಯ ಮರ್ಯಾದೆ. 2023ರ ಆಗಸ್ಟ್‌ನಲ್ಲಿ ಅಮೆರಿಕದ ಶಿಕಾಗೋ ಬಳಿ ನಡೆದ ಬಿಎಂಡಬ್ಲ್ಯೂ ಚಾಂಪಿಯನ್‌ಷಿಪ್‌ನಲ್ಲಿ ಈ ಮರ್ಯಾದೆ ಮುರಿಯಿತು. ಮ್ಯಾಕ್ಸ್ ಹೋಮಾ ಚೆಂಡನ್ನು ಕುಳಿಯತ್ತ ತಳ್ಳುತ್ತಿದ್ದ ಕ್ಷಣದಲ್ಲೇ ಪ್ರೇಕ್ಷಕನೊಬ್ಬನು ಅವರ ಗುರಿ ತಪ್ಪಲೆಂದು ಕೂಗಿದನು. ಆ ಕೂಗಿನ ಹಿಂದಿದ್ದದ್ದು ಕೆಲವೇ ಡಾಲರುಗಳ ಪಣವೆಂದು ಹೋಮಾ ಬಳಿಕ ಪತ್ರಕರ್ತರಿಗೆ ತಿಳಿಸಿದರು. ಹಣ ಅಲ್ಪವೇ ಸರಿ. ಆದರೆ ಅದು ಒಬ್ಬ ಮನುಷ್ಯನ ಮನಸ್ಸನ್ನು ಎಲ್ಲಿಗೆ ಒಯ್ದಿತೆಂಬುದು ಅಲ್ಪ ಸಂಗತಿಯಲ್ಲ.

ವೃತ್ತಿಪರ ಗಾಲ್ಫ್ ಪಂದ್ಯಾವಳಿಯಲ್ಲಿ ನೂರಕ್ಕೂ ಹೆಚ್ಚು ಆಟಗಾರರು ಸೇರುವುದುಂಟು. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಸುತ್ತು, ಒಟ್ಟು 72 ಕುಳಿಗಳು. ಇಷ್ಟು ಜನರಲ್ಲಿ ಗೆಲ್ಲುವವನನ್ನು ಊಹಿಸುವುದು ಕಷ್ಟ. ಆದ್ದರಿಂದ ಬೆಟ್ಟಿಂಗ್ ಕಂಪನಿಗಳು ಸುಲಭವಾಗಿ ತೋರುವ ಇನ್ನೊಂದು ದಾರಿಯನ್ನು ತೆರೆದಿವೆ. ಇಬ್ಬರು ಆಟಗಾರರನ್ನು ಎದುರುಬದುರು ನಿಲ್ಲಿಸಿ, ಇವರಲ್ಲಿ ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೆ ಎಂಬುದರ ಮೇಲೆ ಮಾತ್ರ ಪಣ ಕಟ್ಟುವುದು. ಇದಕ್ಕೆ ‘ಮ್ಯಾಚಪ್’ ಎಂದು ಹೆಸರು. ಇಡೀ ಪಂದ್ಯಾವಳಿಗೂ ಕಟ್ಟಬಹುದು, ಒಂದೇ ಸುತ್ತಿಗೂ ಕಟ್ಟಬಹುದು. ತಾನು ನೆಚ್ಚಿದ ಆಟಗಾರನು ಐವತ್ತನೆಯ ಸ್ಥಾನದಲ್ಲಿ ನಿಂತರೂ ಚಿಂತೆಯಿಲ್ಲ. ಎದುರಾಳಿಯು ಐವತ್ತೊಂದನೆಯವನಾದರೆ ಸಾಕು.

ಮೇಲ್ನೋಟಕ್ಕೆ ಇದು ಸಮಬಲದ ವ್ಯವಹಾರ. ಗೆಲುವಿನ ಅವಕಾಶ ಅರ್ಧಕ್ಕರ್ಧ. ಅಂಕಿಗಳು ಬೇರೆಯೇ ಮಾತನ್ನು ಹೇಳುತ್ತವೆ. ಸಮಾನರೆಂದು ಎಣಿಸಿದ ಇಬ್ಬರ ಮೇಲೆ ಸಾಮಾನ್ಯವಾಗಿ 100 ಡಾಲರ್ ಗೆಲ್ಲಲು 110 ಡಾಲರ್ ಒಡ್ಡಬೇಕು. ಇಬ್ಬರು ಎದುರುಬದುರಾಗಿ ಕಟ್ಟಿದರೆ ಒಟ್ಟು 220 ಡಾಲರ್. ಗೆದ್ದವನಿಗೆ ಮರಳುವುದು 210. ಉಳಿದ 10 ಡಾಲರ್ ಕಂಪನಿಯ ಪಾಲು, ಯಾರು ಗೆದ್ದರೂ ಸೋತರೂ. ಪಣ ಕಟ್ಟುವವನು ನೂರರಲ್ಲಿ 52ಕ್ಕಿಂತ ಹೆಚ್ಚು ಬಾರಿ ಗೆದ್ದರಷ್ಟೇ ಅವನ ಮೂಲಧನ ಉಳಿದೀತು. ತಲೆತಲಾಂತರದಿಂದ ವ್ಯಾಪಾರವನ್ನು ಬಲ್ಲ ಸಮಾಜಕ್ಕೆ ಈ ಲೆಕ್ಕ ಅರ್ಥವಾಗಲು ಗುರುವಿನ ಅಗತ್ಯವಿಲ್ಲ.

ಈ ವ್ಯವಹಾರ ಬೆಳೆದುದು ಆಕಸ್ಮಿಕವಾಗಿ ಅಲ್ಲ. ಕ್ರೀಡಾ ಬೆಟ್ಟಿಂಗ್‌ಗೆ ತಡೆಯಾಗಿದ್ದ 1992ರ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2018ರ ಮೇ 14ರಂದು ರದ್ದುಪಡಿಸಿತು. ಒಂದೊಂದೇ ರಾಜ್ಯ ಬಾಗಿಲು ತೆರೆಯಿತು. 2020ರಲ್ಲಿ ಪಿಜಿಎ ಟೂರ್ ಬೆಟ್ಟಿಂಗ್ ಕಂಪನಿಗಳೊಡನೆ ಅಧಿಕೃತ ಒಪ್ಪಂದ ಮಾಡಿಕೊಂಡಿತು. ಅದೇ ಸಂಸ್ಥೆ ತನ್ನ ಆಟಗಾರರು ಗಾಲ್ಫ್ ಮೇಲೆ ಪಣ ಕಟ್ಟುವುದನ್ನು ನಿಷೇಧಿಸಿದೆ. ನಿಯಮ ಮೀರಿದ, ಕಾರ್ನ್ ಫೆರಿ ಟೂರ್‌ನ ಇಬ್ಬರನ್ನು 2023ರಲ್ಲಿ ಅಮಾನತು ಮಾಡಿತು. ಮನೆಯ ಮಕ್ಕಳಿಗೆ ವಿಷವೆಂದು ತಿಳಿದದ್ದನ್ನು ನೆರೆಮನೆಯವರಿಗೆ ಮಾರುವ ನೀತಿ ಇದು. ಆರು ಮೇಜರ್ ಪ್ರಶಸ್ತಿಗಳನ್ನು ಗೆದ್ದ ಫಿಲ್ ಮಿಕಲ್ಸನ್, ತಮ್ಮ ಬೆಟ್ಟಿಂಗ್ ಮಿತಿ ಮೀರಿ ವ್ಯಸನವಾಯಿತೆಂದೂ ಆಪ್ತರನ್ನು ನೋಯಿಸಿತೆಂದೂ ಅದೇ ವರ್ಷ ಬಹಿರಂಗವಾಗಿ ಒಪ್ಪಿಕೊಂಡರು. ಸಂಪತ್ತೂ ಕೀರ್ತಿಯೂ ಅವರನ್ನು ಕಾಯಲಿಲ್ಲ.

ಇದು ದೂರದ ಅಮೆರಿಕದ ಸಂಗತಿ, ಮುಂಬಯಿಯಲ್ಲೋ ಪುಣೆಯಲ್ಲೋ ನೆಲೆಸಿದ ಕನ್ನಡ ಜೈನ ಕುಟುಂಬಕ್ಕೆ ಇದರಿಂದೇನು ಎಂದು ಕೇಳುವವರಿರಬಹುದು. ಪಂದ್ಯ ಎಲ್ಲೇ ನಡೆಯಲಿ, ಮೊಬೈಲ್ ಫೋನು ಇರುವುದು ಎಲ್ಲರ ಅಂಗೈಯಲ್ಲಿ. ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣವೊಡ್ಡುವ ಆಟಗಳನ್ನು ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ನಿಷೇಧಿಸಿದೆ. ಅವುಗಳನ್ನು ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವರಿಗೂ ಶಿಕ್ಷೆಯುಂಟು. ಸರ್ಕಾರದ ಈ ಹೆಜ್ಜೆ ಸ್ವಾಗತಾರ್ಹ. ಆದರೆ ಕಾಯ್ದೆಯ ಕೈ ಕಂಪನಿಯವರೆಗೆ ಚಾಚೀತೇ ಹೊರತು ಮನಸ್ಸಿನವರೆಗೆ ಚಾಚಲಾರದು. ಆ ಕೆಲಸ ಶ್ರಾವಕಾಚಾರದ್ದು.

ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನವೆಂಬುದನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಅಷ್ಟಾಗಿ ನೆನಪಿಗೆ ಬಾರದ್ದು ಅನರ್ಥದಂಡದ ಭೇದಗಳಲ್ಲೊಂದಾದ ಅಪಧ್ಯಾನ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದನ್ನು ವಿವರಿಸುತ್ತ, ಪರರ ವಧೆ, ಬಂಧನ, ಧನಾಪಹರಣಗಳನ್ನು ಮನಸ್ಸಿನಲ್ಲಿ ಚಿಂತಿಸುವುದರ ಜೊತೆಯಲ್ಲೇ ಪರರ ಜಯಪರಾಜಯಗಳ ಚಿಂತನೆಯನ್ನೂ ಎಣಿಸಿದ್ದಾರೆ. ಮ್ಯಾಚಪ್ ಪಣದ ತಿರುಳು ಇದಲ್ಲದೆ ಮತ್ತೇನು? ಅಪರಿಚಿತನೊಬ್ಬನ ಚೆಂಡು ನೀರಿಗೆ ಬೀಳಲಿ, ಅವನ ಕೈ ನಡುಗಲಿ ಎಂದು ನಾಲ್ಕು ದಿನ ಹಾರೈಸುವುದೇ ಅದರ ಸಾಧನೆ. ಶಿಕಾಗೋದ ಪ್ರೇಕ್ಷಕನು ಬಾಯಿಬಿಟ್ಟು ಕೂಗಿದ್ದನ್ನು, ಮನೆಯಲ್ಲಿ ಕುಳಿತು ಪಣ ಕಟ್ಟಿದವನು ಒಳಗೊಳಗೇ ಕೂಗುತ್ತಿರುತ್ತಾನೆ. ಗೆದ್ದರೂ ಆ ದೋಷ ತಪ್ಪದು.

ಓದು ಬಲ್ಲ ಯುವಕರು ಇದನ್ನು ಜೂಜೆಂದು ಕರೆಯದೆ ವಿಶ್ಲೇಷಣೆಯೆಂದು ಕರೆದುಕೊಳ್ಳಬಹುದು. ಆಟಗಾರನ ಹಿಂದಿನ ಸಾಧನೆ, ಮೈದಾನದ ಗುಣ, ಗಾಳಿಯ ಬೀಸು ಎಲ್ಲವನ್ನೂ ಅಧ್ಯಯನ ಮಾಡಿದ್ದೇವೆ ಎನ್ನಬಹುದು. ಕೌಶಲವಿದ್ದ ಮಾತ್ರಕ್ಕೆ ದ್ಯೂತ ಶುದ್ಧವಾಗುವುದಿಲ್ಲ. ಪಂಪನ ಭಾರತವನ್ನು ಬಲ್ಲ ಕನ್ನಡ ಜೈನರಿಗೆ ಇದನ್ನು ಬೇರೆಯಾಗಿ ಹೇಳಬೇಕಿಲ್ಲ: ಆ ಸಭೆಯಲ್ಲಿ ಪಗಡೆಯ ನೈಪುಣ್ಯವಿದ್ದದ್ದು ಶಕುನಿಗೆ.

ಸಮಾಜದ ಮುಂದೆ ಈಗ ಮಾಡಬಹುದಾದ ಕೆಲಸಗಳಿವೆ. ದಶಲಕ್ಷಣ ಪರ್ವದ ಉತ್ತಮ ಶೌಚದ ದಿನ ಲೋಭದ ಬಗೆಗಿನ ಪ್ರವಚನದಲ್ಲಿ ಮೊಬೈಲ್ ಜೂಜನ್ನು ಹೆಸರಿಟ್ಟು ಮಾತನಾಡಲಿ. ಬಸದಿಗಳೂ ಸಂಘಗಳೂ ಬೆಟ್ಟಿಂಗ್ ಹಣದ ದೇಣಿಗೆಯನ್ನು, ಅದು ಎಷ್ಟೇ ದೊಡ್ಡದಿರಲಿ, ನಿರಾಕರಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಕಳೆದುಕೊಂಡು ತಲೆತಗ್ಗಿಸಿ ಬಂದ ಮಗನಿಗೆ ಮನೆಯ ಬಾಗಿಲು ತೆರೆದಿರಲಿ. ಕುಲದ ಮಾನದ ಭಯದಿಂದ ಮುಚ್ಚಿಟ್ಟ ಸಾಲವು ಬಡ್ಡಿಯೊಡನೆ ಬೆಳೆಯುತ್ತದೆ. ತಂದೆತಾಯಿಯರೆದುರು ಹೇಳಿಕೊಂಡ ತಪ್ಪು ಅಲ್ಲಿಗೇ ನಿಲ್ಲುತ್ತದೆ. ಪ್ರತಿಕ್ರಮಣದ ಅರ್ಥವೂ ಹಿಂದಿರುಗಿ ಬರುವುದೆಂದೇ ಅಲ್ಲವೇ?